ನೆಲದಡಿಯ ಕಾರ್ಬನ್ ಡೈಆಕ್ಸೈಡ್ ಸೋರುತ್ತಿದೆಯೇ? ಒತ್ತಡ ನೋಡಿ ಹೇಳುವ ಬಗೆ, ನಮ್ಮ ಬೋರ್‌ವೆಲ್‌ನಲ್ಲೇ ಕಲಿಯುವ ಬಗೆ

ವಾತಾವರಣಕ್ಕೆ ಸೇರದಿರಲೆಂದು ನೆಲದಾಳದಲ್ಲಿ ತುಂಬಿಟ್ಟ ಕಾರ್ಬನ್ ಡೈಆಕ್ಸೈಡ್ ಎಲ್ಲಾದರೂ ಸೋರತೊಡಗಿದರೆ, ಅನಿಲ ನಮ್ಮ ಕೈಗೆ ಸಿಗುವುದಕ್ಕಿಂತ ಎಷ್ಟೋ ಮುಂಚೆ ಒತ್ತಡ ಸುದ್ದಿ ಮುಟ್ಟಿಸುತ್ತದೆ. ಬಂಡೆಯ ರಂಧ್ರಗಳಲ್ಲಿ ಅನಿಲ ಒಂದು ಕಿಲೋಮೀಟರ್ ಸಾಗಲು ವರ್ಷಗಳು ಬೇಕಾಗಬಹುದು. ಒತ್ತಡದ ಏರಿಳಿತ ಅದೇ ದೂರವನ್ನು ಕೆಲವೇ ದಿನಗಳಲ್ಲಿ ದಾಟುತ್ತದೆ. ಆದರೆ ಗೇಜು ತೋರಿಸುವುದು ಒತ್ತಡವನ್ನಷ್ಟೇ. ಅದು ಸೋರಿಕೆಯೋ, ಗಾಳಿಯ ಭಾರವೋ, ಪಕ್ಕದ ಪಂಪಿನ ಎಳೆತವೋ, ಬಿಸಿ ತಂಪಿನ ಆಟವೋ ಎಂದು ಬಿಡಿಸಿ ನೋಡುವುದು ನಮ್ಮ ಕೆಲಸ. ಈ ಬರಹದ ಹೆಚ್ಚಿನ ಪಾಲು ಆ ಬಿಡಿಸುವ ಕೆಲಸಕ್ಕೇ ಮೀಸಲು.

ದಾವಣಗೆರೆ, ಚಿತ್ರದುರ್ಗದ ನೆಲ ಅನಿಲ ತುಂಬಲು ತಕ್ಕದ್ದಲ್ಲ. ಅದಕ್ಕೆ ದಪ್ಪ ಮರಳುಗಲ್ಲಿನ ಪದರ ಬೇಕು, ಅದರ ಮೇಲೆ ನೀರೂ ಹಾಯದ ಮುಚ್ಚಳ ಬಂಡೆ ಬೇಕು. ನಮ್ಮಲ್ಲಿರುವುದು ಗ್ರಾನೈಟು, ನೈಸ್, ಚಿತ್ರದುರ್ಗದ ಶಿಸ್ಟ್ ಪಟ್ಟಿ. ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ಯೋಜನೆ ಬಸಾಲ್ಟಿನೊಳಗೆ ಅನಿಲವನ್ನು ಕಲ್ಲಾಗಿಸಿತು ಎಂದು ಓದಿದವರಿಗೆ ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬು ಲಾವಾ (ದಿಂಬಿನಾಕಾರದ ಹಳೆಯ ಲಾವಾ ಶಿಲೆ) ನೆನಪಾಗುವುದು ಸಹಜ. ಆದರೆ ಅದು ಕೋಟ್ಯಂತರ ವರ್ಷಗಳ ಕಾವು, ಒತ್ತಡಗಳಲ್ಲಿ ರೂಪಾಂತರಗೊಂಡು ರಂಧ್ರ ಮುಚ್ಚಿಕೊಂಡ ಶಿಲೆ. ಐಸ್‌ಲ್ಯಾಂಡಿನ ಎಳೆಯ, ತೂತುತೂತಾದ ಬಸಾಲ್ಟಿನ ಸಾಲಿಗೆ ಅದು ಸೇರದು. ಹಾಗಿದ್ದೂ ಈ ವಿದ್ಯೆ ಕಲಿಯಲು ನಮ್ಮ ಜಿಲ್ಲೆಗಳಷ್ಟು ಅನುಕೂಲದ ಜಾಗ ಕಡಿಮೆ. ತೋಟ ತೋಟಕ್ಕೂ ಬೋರ್‌ವೆಲ್ ಇದೆ, ಸಮೀಕರಣ ಅದೇ, ಉಪಕರಣ ಅದೇ ಜಾತಿಯದು, ಎಡವುವ ಜಾಗಗಳೂ ಅವೇ. ಸಿವಿಲ್, ಭೂವಿಜ್ಞಾನ ಓದುವವರು ಮತ್ತು ಅಂತರ್ಜಲದ ಕೆಲಸದಲ್ಲಿರುವವರು ಮೊದಲು ಇಲ್ಲಿ ಕೈ ಪಳಗಿಸಿಕೊಂಡು ಆಮೇಲೆ ದೊಡ್ಡ ಕೆಲಸಕ್ಕೆ ಹೋಗಬಹುದು.

ಆಳದಲ್ಲಿ ನಡೆಯುವುದೇನು

ಕಾರ್ಬನ್ ಡೈಆಕ್ಸೈಡ್ 31 ಡಿಗ್ರಿ ಸೆಲ್ಸಿಯಸ್ ಮತ್ತು 73.8 ಬಾರ್ ದಾಟಿದ ಮೇಲೆ ಅನಿಲವೂ ಅಲ್ಲದ, ದ್ರವವೂ ಅಲ್ಲದ ದಟ್ಟ ಸ್ಥಿತಿಗೆ ಹೋಗುತ್ತದೆ. ನೀರಿನ ಒತ್ತಡ 10 ಮೀಟರಿಗೆ ಸುಮಾರು 1 ಬಾರ್ ಏರುವುದರಿಂದ 800 ಮೀಟರಿಗಿಂತ ಕೆಳಗೆ ಆ ಸ್ಥಿತಿ ತಾನಾಗಿ ಸಿಗುತ್ತದೆ. ಅದಕ್ಕೇ ಸಂಗ್ರಹ ಪದರಗಳನ್ನು ಸಾಮಾನ್ಯವಾಗಿ ಆ ಆಳಕ್ಕಿಂತ ಕೆಳಗೆ ಆರಿಸುತ್ತಾರೆ. ನಾರ್ವೆಯ ಸ್ಲೀಪ್ನರ್‌ನಲ್ಲಿ 1996ರಿಂದ ಸಮುದ್ರದಡಿಯ ಮರಳುಗಲ್ಲಿಗೆ ತುಂಬಿದ್ದು ಹೀಗೆಯೇ. ಅಷ್ಟು ದಟ್ಟವಾದರೂ ಅದು ಸುತ್ತಲಿನ ಉಪ್ಪುನೀರಿಗಿಂತ ಹಗುರ, ಮೇಲೇರಲು ದಾರಿ ಹುಡುಕುತ್ತಲೇ ಇರುತ್ತದೆ.

ದಾರಿ ಸಿಗುವುದು ಮುಖ್ಯವಾಗಿ ಹಳೆಯ ಬಾವಿಗಳಲ್ಲಿ, ಸಿಮೆಂಟ್ ಬಿಟ್ಟ ಕೇಸಿಂಗಿನ ಹೊರಮೈಯಲ್ಲಿ, ಮುಚ್ಚಳ ಬಂಡೆಯ ಬಿರುಕಿನಲ್ಲಿ. ಅಲ್ಜೀರಿಯಾದ ಇನ್ ಸಲಾಹ್‌ನಲ್ಲಿ 2004ರಿಂದ 2011ರವರೆಗೆ ತುಂಬಿದಾಗ ಅನಿಲ ಕಾಣಿಸಿಕೊಂಡದ್ದು ಹಳೆಯದೊಂದು ಪರಿಶೋಧನಾ ಬಾವಿಯಲ್ಲಿ. ನಿಗಾ ಇಡಲೆಂದು ತೋಡಿದ ಬಾವಿಯೂ ಸೋರಬಹುದು: ಅಮೆರಿಕದ ಇಲಿನಾಯ್ ರಾಜ್ಯದ ಡೆಕೇಟರ್‌ನಲ್ಲಿ ನಿಗಾ ಬಾವಿಯೊಂದರ ಕೊಳವೆ ತುಕ್ಕು ಹಿಡಿದು ದ್ರವ ಮೇಲಿನ ಪದರಕ್ಕೆ ಸೇರಿದ್ದು 2024ರಲ್ಲಿ ಸುದ್ದಿಯಾಯಿತು. ಆದ್ದರಿಂದ ಬಾವಿ ಜಾಸ್ತಿ ಇದ್ದಷ್ಟೂ ನಿಗಾ ಚೆನ್ನ ಎಂದುಕೊಳ್ಳಬೇಡಿ. ಮುಚ್ಚಳ ಬಂಡೆಯನ್ನು ತೂರಿ ಇಳಿಯುವ ಪ್ರತಿಯೊಂದು ತೂತೂ ಒಂದು ಹೊಣೆ.

ಗೇಜು ಇಡುವ ಜಾಗ

ಸಂಗ್ರಹ ಪದರದಲ್ಲೇ ಒಂದು ಗೇಜು ಬೇಕು, ನಿಜ. ಬಂಡೆ ಸೀಳುವ ಒತ್ತಡದ 90 ಶೇಕಡಾ ದಾಟಬಾರದೆಂದು ಅಮೆರಿಕದ ಆರನೇ ವರ್ಗದ ಬಾವಿಗಳ, ಅಂದರೆ ಕಾರ್ಬನ್ ಡೈಆಕ್ಸೈಡ್ ತುಂಬುವ ಬಾವಿಗಳ, ನಿಯಮ ಹೇಳುತ್ತದೆ. ಅದನ್ನು ಕಾಯಲು ಈ ಗೇಜು ಬೇಕೇ ಬೇಕು. ನಾರ್ವೆಯ ಸ್ನೋವಿಟ್‌ನಲ್ಲಿ 2008ರಲ್ಲಿ ತುಂಬಲು ಶುರುಮಾಡಿದ ಪದರದ ಒತ್ತಡ ಎಣಿಸಿದ್ದಕ್ಕಿಂತ ಬೇಗ ಏರಿತು. ಅದನ್ನು ಹೀಗೆ ಗಮನಿಸಿಯೇ 2011ರಲ್ಲಿ ಬೇರೆ ಪದರಕ್ಕೆ ಬದಲಾಯಿಸಿದರು. ಆದರೆ ಸಣ್ಣ ಸೋರಿಕೆ ಹಿಡಿಯಲು ಇದು ಸಾಲದು. ತುಂಬುವ ಪಂಪಿನ ಹರಿವು ಸ್ವಲ್ಪ ಏರಿಳಿದರೂ ಅಲ್ಲಿ ಒತ್ತಡ ಹಲವು ಬಾರ್ ಆಡುತ್ತದೆ. ಅದರ ಮಧ್ಯೆ ಸೋರಿಕೆಯ ಗುರುತು ಮುಳುಗಿಹೋಗುತ್ತದೆ.

ಸೋರಿಕೆಗೆಂದೇ ಇಡುವ ಗೇಜು ಮುಚ್ಚಳ ಬಂಡೆಯ ಮೇಲೆ ಸಿಗುವ ಮೊದಲ ರಂಧ್ರವುಳ್ಳ ಪದರದಲ್ಲಿರಬೇಕು. ಅಲ್ಲಿ ಯಾರೂ ಏನೂ ತುಂಬುತ್ತಿಲ್ಲ, ಎತ್ತುತ್ತಿಲ್ಲ, ರೇಖೆ ಸಮನಾಗಿರುತ್ತದೆ. ಕೆಳಗಿನಿಂದ ದ್ರವ ನುಗ್ಗಿದರೆ ಎದ್ದು ಕಾಣುತ್ತದೆ. ಮಿಸಿಸಿಪಿಯ ಕ್ರ್ಯಾನ್‌ಫೀಲ್ಡ್‌ನಲ್ಲೂ ಜರ್ಮನಿಯ ಕೆಟ್ಸಿನ್‌ನಲ್ಲೂ ಈ ಮೇಲಿನ ಪದರದ ನಿಗಾ ನಡೆಸಿದ್ದಾರೆ.

ಮೂರನೆಯದು ಆನ್ಯುಲಸ್, ಅಂದರೆ ಒಳಕೊಳವೆಗೂ ಕೇಸಿಂಗಿಗೂ ನಡುವಿನ ಸಂದು. ಅದರ ಗೇಜು ಬಾವಿಯ ಆರೋಗ್ಯವನ್ನು ಹೇಳುತ್ತದೆ. ಬಾವಿಯ ಬಾಯಿಯಲ್ಲಿಟ್ಟ ಗೇಜನ್ನು ಮಾತ್ರ ನಂಬಿ ತಳದ ಒತ್ತಡ ಲೆಕ್ಕ ಹಾಕಬೇಡಿ. ಬಿಸಿ ತಂಪಿಗೆ ಕಾರ್ಬನ್ ಡೈಆಕ್ಸೈಡಿನ ಸಾಂದ್ರತೆ ಬಹಳ ಬದಲಾಗುತ್ತದೆ. 1,000 ಮೀಟರ್ ಎತ್ತರದ ಕಂಬದಲ್ಲಿ ಘನ ಮೀಟರಿಗೆ 50 ಕಿಲೋ ವ್ಯತ್ಯಾಸವಾದರೂ ತಳದ ಲೆಕ್ಕ 4.9 ಬಾರ್ ತಪ್ಪುತ್ತದೆ. ಗೇಜು ತಳದಲ್ಲೇ ಇರಬೇಕು, ಸಾಧ್ಯವಾದರೆ ಜೋಡಿಯಾಗಿ. ಒಂದರ ಅಂಕಿ ಮೆಲ್ಲಗೆ ಜಾರತೊಡಗಿದರೆ ಇನ್ನೊಂದು ಅದನ್ನು ತೋರಿಸಿಕೊಡುತ್ತದೆ.

ಎಷ್ಟು ಕಾಣಬಹುದು: ಮೊದಲೇ ಲೆಕ್ಕ ಹಾಕಿ

ಗೇಜು ಕೊಳ್ಳುವ ಮುಂಚೆ ಪೆನ್ನು ಹಿಡಿಯಿರಿ. ಮೇಲಿನ ಪದರದ ಪರ್ಮಿಯಬಿಲಿಟಿ (ದ್ರವವನ್ನು ಹಾಯಗೊಡುವ ಗುಣ, ಅದರ ಅಳತೆ ಡಾರ್ಸಿ) 100 ಮಿಲಿಡಾರ್ಸಿ, ರಂಧ್ರತೆ 20 ಶೇಕಡಾ, ನೀರಿನ ಸ್ನಿಗ್ಧತೆ 0.5 ಸೆಂಟಿಪಾಯ್ಸ್, ಒಟ್ಟು ಸಂಕೋಚನ (ಒತ್ತಡಕ್ಕೆ ಬಂಡೆ, ನೀರು ಕುಗ್ಗುವ ಪಾಲು) ಪ್ರತಿ ಪಾಸ್ಕಲ್‌ಗೆ ನೂರು ಕೋಟಿಯಲ್ಲಿ ಒಂದು ಭಾಗ ಎಂದಿಟ್ಟುಕೊಳ್ಳಿ. ಪರ್ಮಿಯಬಿಲಿಟಿಯನ್ನು ಉಳಿದ ಮೂರರ ಗುಣಲಬ್ಧದಿಂದ ಭಾಗಿಸಿದರೆ ಒತ್ತಡ ಹರಡುವ ಗುಣಾಂಕ ಬರುತ್ತದೆ: ಇಲ್ಲಿ ಸೆಕೆಂಡಿಗೆ 1 ಚದರ ಮೀಟರ್. ದೂರದ ವರ್ಗವನ್ನು ಈ ಗುಣಾಂಕದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಸುದ್ದಿ ಮುಟ್ಟುವ ಹೊತ್ತು ಸಿಗುತ್ತದೆ. 1 ಕಿಲೋಮೀಟರಿಗೆ ಎರಡೂವರೆ ಲಕ್ಷ ಸೆಕೆಂಡು, ಅಂದರೆ ಮೂರು ದಿನಕ್ಕೆ ಸ್ವಲ್ಪ ಕಡಿಮೆ. ಪರ್ಮಿಯಬಿಲಿಟಿ 10 ಮಿಲಿಡಾರ್ಸಿಗೆ ಇಳಿದರೆ ಅದೇ ಸುದ್ದಿ ಬರಲು ಒಂದು ತಿಂಗಳು.

ಈಗ ಪ್ರಮಾಣ. ಬಾವಿಯಿಂದ ಎತ್ತಿದಾಗ ಸುತ್ತಲಿನ ಒತ್ತಡ ಎಲ್ಲಿ, ಯಾವಾಗ, ಎಷ್ಟು ಬದಲಾಗುತ್ತದೆಂದು ಹೇಳುವ, ಅಂತರ್ಜಲದವರಿಗೆ ಗೊತ್ತಿರುವ ಥೀಸ್ ಸಮೀಕರಣವನ್ನೇ ಹಾಕಿ. 10 ಮೀಟರ್ ದಪ್ಪದ ಆ ಪದರಕ್ಕೆ ದಿನಕ್ಕೆ 10 ಘನ ಮೀಟರ್ ದ್ರವ ಸೋರಿ ಬರುತ್ತಿದ್ದರೆ, 30 ದಿನಗಳ ಕೊನೆಗೆ 1 ಕಿಲೋಮೀಟರ್ ದೂರದ ಗೇಜಿನಲ್ಲಿ ಸುಮಾರು 8.5 ಕಿಲೋಪಾಸ್ಕಲ್ ಏರಿಕೆ, ಅರ್ಧ ಕಿಲೋಮೀಟರಿನಲ್ಲಿ ಸುಮಾರು 14.6. ಒಳ್ಳೆಯ ಕ್ವಾರ್ಟ್ಜ್ ಗೇಜು 0.01 ಪಿಎಸ್‌ಐ, ಅಂದರೆ 0.07 ಕಿಲೋಪಾಸ್ಕಲ್ ಬದಲಾವಣೆಯನ್ನೂ ಗುರುತಿಸುತ್ತದೆ. ಆದರೆ ಪದರ 50 ಮೀಟರ್ ದಪ್ಪ, ಪರ್ಮಿಯಬಿಲಿಟಿ 1 ಡಾರ್ಸಿ ಆದರೆ ಅದೇ ಸೋರಿಕೆ 1 ಕಿಲೋಮೀಟರಿನಲ್ಲಿ ಎಬ್ಬಿಸುವುದು 0.4 ಕಿಲೋಪಾಸ್ಕಲಿಗಿಂತಲೂ ಕಡಿಮೆ. ನೀರು ಧಾರಾಳವಾಗಿ ಹಾಯುವ ಪದರ ಸುದ್ದಿಯನ್ನು ಬೇಗ ತಲುಪಿಸುತ್ತದೆ, ಆದರೆ ತೀರಾ ಮೆಲ್ಲಗೆ ಹೇಳುತ್ತದೆ. ನಿಗಾಕ್ಕೆ ಪದರ ಆರಿಸುವಾಗ ಈ ಎರಡನ್ನೂ ತೂಗಿ ನೋಡಬೇಕು.

ಬೋರ್‌ವೆಲ್‌ನಲ್ಲಿ ಅಭ್ಯಾಸ

ಮೂರು ಬೋರ್‌ವೆಲ್ ಹತ್ತಿರ ಹತ್ತಿರ, 50ರಿಂದ 200 ಮೀಟರ್ ಅಂತರದಲ್ಲಿ ಇರುವ ತೋಟ ಹುಡುಕಿ. ಹೊಳಲ್ಕೆರೆ, ಚನ್ನಗಿರಿಯ ಅಡಿಕೆ ಸೀಮೆಯಲ್ಲಿ ಇದು ಕಷ್ಟವಲ್ಲ. ಒಂದರಲ್ಲಿ ಮೋಟಾರು ಎತ್ತಿರಬೇಕು, ಆದರೆ ನೀರಿರಬೇಕು. ಅದು ನಿಮ್ಮ ವೀಕ್ಷಣೆಯ ಬಾವಿ. ಎರಡನೆಯದು ಮೋಟಾರು ಓಡುವ ಬಾವಿ. ಮೂರನೆಯದು ‘ಸೋರಿಕೆ’ಯ ಪಾತ್ರ ವಹಿಸುತ್ತದೆ. ಇಲ್ಲಿ ಕಾರ್ಬನ್ ಡೈಆಕ್ಸೈಡಿನ ಮಾತೇ ಇಲ್ಲ, ನೀರು ಮಾತ್ರ. ತುಂಬುವ ಬದಲು ಎತ್ತುತ್ತೇವೆ, ಹಾಗಾಗಿ ಒತ್ತಡ ಏರುವ ಬದಲು ಇಳಿಯುತ್ತದೆ. ಚಿಹ್ನೆ ತಿರುಗಿಸಿಕೊಂಡರೆ ಸಮೀಕರಣ ಒಂದೇ.

ವೀಕ್ಷಣೆಯ ಬಾವಿ ಉಪಯೋಗಕ್ಕೆ ಬರುತ್ತದೆಯೇ ಎಂದು ಮೊದಲು ನೋಡಿ. ಆರೂವರೆ ಇಂಚಿನ ಬೋರಿನಲ್ಲಿ ಒಂದು ಮೀಟರ್ ಎತ್ತರಕ್ಕೆ ಸುಮಾರು 21 ಲೀಟರ್ ನೀರು ಹಿಡಿಯುತ್ತದೆ. 20 ಲೀಟರಿನ ಕ್ಯಾನ್ ಒಂದನ್ನು ಶುದ್ಧ ನೀರು ತುಂಬಿ ಒಮ್ಮೆಗೇ ಸುರಿದರೆ ಮಟ್ಟ 90 ಸೆಂಟಿಮೀಟರಿನಷ್ಟು ಏರಬೇಕು. ಗೋಡೆಗೆ ಅಂಟಿ ನಿಲ್ಲುವ ನೀರಿನಿಂದಾಗಿ ಸ್ವಲ್ಪ ಕಡಿಮೆ ಬರಬಹುದು. ಆಮೇಲೆ ಅದು ಎಷ್ಟು ಹೊತ್ತಿಗೆ ಹಳೆಯ ಮಟ್ಟಕ್ಕೆ ಇಳಿಯುತ್ತದೆ ನೋಡಿ. ಕೆಲವು ನಿಮಿಷಗಳಲ್ಲಿ ಇಳಿದರೆ ಬಿರುಕಿನ ಸಂಪರ್ಕ ಚೆನ್ನಾಗಿದೆ. ಗಂಟೆಗಟ್ಟಲೆ ನಿಂತೇ ಇದ್ದರೆ ಆ ಬಾವಿ ಸುತ್ತಲ ಬಂಡೆಯ ಒತ್ತಡವನ್ನು ತಡವಾಗಿ, ಮಸುಕಾಗಿ ತೋರಿಸುತ್ತದೆ. ಬೇರೆ ಬಾವಿ ಹುಡುಕಿ.

ಉಪಕರಣ ಹೆಚ್ಚೇನಿಲ್ಲ. 50 ಮೀಟರ್ ನೀರಿನ ಎತ್ತರ ಅಳೆಯುವ ಒತ್ತಡದ ಲಾಗರ್ (ಅಂಕಿಯನ್ನು ತಾನೇ ಬರೆದಿಡುವ ಗೇಜು) ಒಂದು, ಗಾಳಿಯ ಒತ್ತಡ ಬರೆಯುವ ಲಾಗರ್ ಇನ್ನೊಂದು, ಬೀಪ್ ಮಾಡುವ ನೀರಿನ ಮಟ್ಟದ ಟೇಪು, ತುಕ್ಕು ಹಿಡಿಯದ ಉಕ್ಕಿನ ಸಣ್ಣ ತಂತಿ, ಕ್ಲಾಂಪು, 200 ಲೀಟರಿನ ಡ್ರಮ್ಮು. ಲಾಗರನ್ನು ನೀರಿನ ಮಟ್ಟಕ್ಕಿಂತ 20 ಮೀಟರ್ ಕೆಳಗೆ ಇಳಿಬಿಡಿ. ನೈಲಾನ್ ಹಗ್ಗ ಬೇಡ. ಅದು ದಿನೇ ದಿನೇ ಜಗ್ಗುತ್ತದೆ, 5 ಸೆಂಟಿಮೀಟರ್ ಜಗ್ಗಿದರೆ ಅರ್ಧ ಕಿಲೋಪಾಸ್ಕಲ್ ಏರಿದಂತೆ ಕಾಣುತ್ತದೆ. ಸೋರಿಕೆಯ ರೇಖೆಯೂ ಹೀಗೆಯೇ ಮೆಲ್ಲಗೆ ಏರುವುದು! ತಂತಿಗೆ ಕೇಸಿಂಗಿನ ಬಾಯಿಯ ಮಟ್ಟದಲ್ಲಿ ಬಣ್ಣದ ಗುರುತು ಹಾಕಿ, ಹೋದಾಗಲೆಲ್ಲ ಆ ಗುರುತು ಸರಿದಿದೆಯೇ ನೋಡಿ. ಟೇಪಿನಿಂದ ಕೈಯಾರೆ ಅಳೆದು ಲಾಗರಿನ ಅಂಕಿಯ ಪಕ್ಕ ಬರೆದಿಡಿ.

ಗಾಳಿಯ ಲಾಗರನ್ನು ಬಿಸಿಲಿಗೆ ಇಡಬಾರದು. ಪಂಪ್‌ಹೌಸಿನ ಒಳಗೋಡೆಗೆ, ಸ್ಟಾರ್ಟರ್ ಬಾಕ್ಸಿನಿಂದ ದೂರ ತೂಗುಹಾಕಿ. ಕೇಬಲಿನಲ್ಲೇ ಗಾಳಿಯ ಕೊಳವೆಯಿರುವ ಗೇಜಾದರೆ ಅದರ ಸಿಲಿಕಾ ಜೆಲ್ ಬಣ್ಣ ತಿರುಗಿದ ಕೂಡಲೇ ಬದಲಾಯಿಸಿ. ಮಳೆಗಾಲದಲ್ಲಿ ತೇವ ಸೇರಿ ಕೊಳವೆ ಕಟ್ಟಿಕೊಂಡರೆ ಅಂಕಿ ಅಲೆಯತೊಡಗುತ್ತದೆ. ಎಲ್ಲ ಲಾಗರುಗಳ ಗಡಿಯಾರವನ್ನು ಒಂದೇ ಫೋನಿಗೆ ಹೊಂದಿಸಿ, ನಿಮಿಷಕ್ಕೊಂದು ಓದು ಬರೆಸಿ. ಬೋರಿನ ಬಾಯಿಗೆ ಬೋಲ್ಟ್ ಹಾಕಿದ ಮುಚ್ಚಳ ಕಡ್ಡಾಯ. ಮಕ್ಕಳು ಓಡಾಡುವ ತೋಟ ಅದು.

ಮೊದಲ ಒಂದು ತಿಂಗಳು ಏನೂ ಮಾಡಬೇಡಿ, ಬರೆಸುತ್ತಾ ಹೋಗಿ. ಆಮೇಲೆ ಎರಡನೇ ಬಾವಿಯ ಮೋಟಾರನ್ನು ಅರ್ಧ ಗಂಟೆ ಓಡಿಸಿ, ಅರ್ಧ ಗಂಟೆ ನಿಲ್ಲಿಸಿ; ಹೀಗೆ ಆರು ಸುತ್ತು. ಡ್ರಮ್ಮು ತುಂಬುವ ಹೊತ್ತು ನೋಡಿ ಹರಿವು ಬರೆದುಕೊಳ್ಳಿ: 4 ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 50 ಲೀಟರ್. ವೀಕ್ಷಣೆಯ ಬಾವಿಯಲ್ಲಿ ಅದೇ ತಾಳದ ಅಲೆ ಕಾಣಬೇಕು, ಸ್ವಲ್ಪ ತಡವಾಗಿ, ಚಿಕ್ಕದಾಗಿ. ಕಾಣದಿದ್ದರೆ ಎರಡು ಗಂಟೆ ಓಡಿಸಿ ಎರಡು ಗಂಟೆ ನಿಲ್ಲಿಸಿ. ತಾಳ ನಾಲ್ಕು ಪಟ್ಟು ಉದ್ದವಾದರೆ ಅಲೆ ಎರಡು ಪಟ್ಟು ದೂರ ಮುಟ್ಟುತ್ತದೆ. ಈ ಅಲೆಯ ಎತ್ತರವೂ ತಡವೂ ನಿಮ್ಮ ‘ಸೋರಿಕೆ ಇಲ್ಲದ’ ಸ್ಥಿತಿಯ ಗುರುತು.

ಕೊನೆಗೆ ಪರೀಕ್ಷೆ. ಮೂರನೇ ಬಾವಿಯ ನೀರನ್ನು ಗೇಟ್ ವಾಲ್ವಿನಲ್ಲಿ ಹಿಡಿತ ಮಾಡಿ ಸಣ್ಣ ಹರಿವಿನಲ್ಲಿ ಬಿಡಿ. ಯಾವ ದಿನ, ಯಾವ ಹೊತ್ತಿಗೆ, ಎಷ್ಟು ಬಿಟ್ಟಿರಿ ಎಂಬುದನ್ನು ಅಂಕಿ ನೋಡುವವರಿಗೆ ಹೇಳಬಾರದು. ಅವರು ಅಂಕಿಯಿಂದಲೇ ಹೊತ್ತನ್ನೂ ಹರಿವನ್ನೂ ಹೇಳಬೇಕು. ಗುಟ್ಟು ಗೊತ್ತಿದ್ದು ನೋಡಿದರೆ ಎಲ್ಲರಿಗೂ ಸೋರಿಕೆ ಕಾಣುತ್ತದೆ, ಆ ಅಭ್ಯಾಸಕ್ಕೆ ಬೆಲೆಯಿಲ್ಲ.

ಅಂಕಿಯಿಂದ ಕಳೆಯಬೇಕಾದ್ದು

ನಮ್ಮ ಅಕ್ಷಾಂಶದಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರಿಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ, ರಾತ್ರಿ ಹತ್ತರ ಸುಮಾರಿಗೆ ಏರು. ಸಂಜೆ ನಾಲ್ಕಕ್ಕೆ, ನಸುಕಿನ ನಾಲ್ಕಕ್ಕೆ ಇಳಿ. ಅಂತರ 3ರಿಂದ 4 ಹೆಕ್ಟೊಪಾಸ್ಕಲ್, ಅಂದರೆ ನೀರಿನ ಲೆಕ್ಕದಲ್ಲಿ 3–4 ಸೆಂಟಿಮೀಟರ್. ಬಹಳ ಮಂದಿ ಲಾಗರಿನ ಅಂಕಿಯಿಂದ ಗಾಳಿಯ ಅಂಕಿ ಕಳೆದು ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಹಾಗೆ ಕಳೆದಾಗ ಸಿಗುವುದು ನೀರಿನ ಎತ್ತರ. ಮುಚ್ಚಿದ ಪದರದ ಬಾವಿಯಲ್ಲಿ ಗಾಳಿಯ ಒತ್ತಡ ಏರಿದಾಗ ಆ ಎತ್ತರವೇ ಇಳಿಯುತ್ತದೆ. ಎಷ್ಟು ಪಾಲು ಇಳಿಯುತ್ತದೆ ಎಂಬುದು ಪ್ರತಿ ಬಾವಿಗೂ ಬೇರೆ. ಪಂಪು, ಮಳೆಗಳ ಗದ್ದಲವಿಲ್ಲದ ಹತ್ತು ದಿನ ಆರಿಸಿ, ನೀರಿನ ಮಟ್ಟದ ಬದಲಾವಣೆಯನ್ನು ಗಾಳಿಯ ಬದಲಾವಣೆಯ ಎದುರು ಚುಕ್ಕಿ ಹಾಕಿ. ಗೆರೆಯ ಇಳಿಜಾರೇ ಆ ಪಾಲು. ಅರ್ಧ ಬಂದರೆ ಗಾಳಿ 4 ಸೆಂಟಿಮೀಟರ್ ಏರಿದಾಗ ನೀರು 2 ಸೆಂಟಿಮೀಟರ್ ಇಳಿಯುತ್ತದೆ, ಅದನ್ನು ಮರಳಿ ಕೂಡಬೇಕು.

ಚಂದ್ರನ ಎಳೆತಕ್ಕೆ ಸಮುದ್ರದಂತೆ ನೆಲವೂ ಉಬ್ಬುತ್ತದೆ, ಬಂಡೆಯ ನೀರಿನ ಒತ್ತಡವೂ ಆಡುತ್ತದೆ. ಅದರ ಮುಖ್ಯ ಅಲೆ 12 ಗಂಟೆ 25 ನಿಮಿಷಕ್ಕೊಂದು. ಗಾಳಿಯ ಅಲೆ ಸರಿಯಾಗಿ 12 ಗಂಟೆಗೊಂದು. ಇವೆರಡನ್ನು ಚೆನ್ನಾಗಿ ಬೇರೆ ಮಾಡಲು ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗಿನ ಅಂಕಿ ಇದ್ದರೆ ಒಳ್ಳೆಯದು. ಮೊದಲ ತಿಂಗಳು ಸುಮ್ಮನಿರಿ ಎಂದದ್ದು ಇದಕ್ಕೇ.

ಬಯಲುಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ಗದ್ದಲ ಕರೆಂಟಿನದು. ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಹಾಕಿದ ಸುತ್ತಲಿನ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದುಕೊಳ್ಳುತ್ತವೆ, ರೇಖೆ ಮೆಟ್ಟಿಲಿನಂತೆ ಕುಸಿಯುತ್ತದೆ. ಆ ಫೀಡರಿನ ವೇಳಾಪಟ್ಟಿಯನ್ನು ಲೈನ್‌ಮನ್ ಹತ್ತಿರ ಕೇಳಿ ಬರೆದುಕೊಳ್ಳಿ. ಭದ್ರಾ ನಾಲೆಗೆ ನೀರು ಬಿಟ್ಟ ವಾರ, ಬಂದ್ ಮಾಡಿದ ವಾರವನ್ನೂ ಬರೆದಿಡಿ. ಮಳೆ ಬಂದಾಗ ನೀರು ಇಂಗುವ ಮುಂಚೆಯೇ ಮೇಲಿನ ಭಾರಕ್ಕೆ ಮುಚ್ಚಿದ ಪದರದ ಒತ್ತಡ ಏರುವುದುಂಟು. ಪಂಪ್‌ಹೌಸಿನ ಮೇಲೆ ಮಳೆಮಾಪಕ ಒಂದಿರಲಿ. ನಿಜವಾದ ಸಂಗ್ರಹದ ಜಾಗದಲ್ಲೂ ಪಕ್ಕದ ಎಣ್ಣೆಬಾವಿ, ನೀರಿನ ಬಾವಿಗಳ ಗದ್ದಲ ಹೀಗೆಯೇ ಇರುತ್ತದೆ. ಅಲ್ಲಿ ತುಂಬಲು ಶುರುಮಾಡುವ ಮುಂಚೆ ಕನಿಷ್ಠ ಒಂದು ವರ್ಷ, ಎಲ್ಲ ಕಾಲ ಒಮ್ಮೆ ಹಾದುಹೋಗುವಷ್ಟು, ಬರೀ ಬರೆಸುತ್ತಿರಬೇಕು. ಹಣ ಕೊಡುವವರಿಗೆ ಇದು ದಂಡದ ಖರ್ಚೆಂದು ಕಾಣುತ್ತದೆ. ಈ ವರ್ಷವನ್ನು ಬಿಟ್ಟುಕೊಡಬೇಡಿ. ತುಂಬಲು ಶುರುವಾದ ಮೇಲೆ ಮೊದಲು ಹೇಗಿತ್ತು ಎಂದು ತಿಳಿಯುವ ದಾರಿಯೇ ಇಲ್ಲ.

ಎಚ್ಚರಿಕೆಯ ಗೆರೆ, ಸುಳ್ಳು ಎಚ್ಚರಿಕೆ

ಎಲ್ಲ ಕಳೆದು ಉಳಿದ ಅಂಕಿಯ ದಿನದ ಸರಾಸರಿ ತೆಗೆದು, ಅದರ ಮಾನಕ ವಿಚಲನೆ (ಸರಾಸರಿಯಿಂದ ಅಂಕಿಗಳು ಚದುರುವ ಅಳತೆ) ಲೆಕ್ಕ ಹಾಕಿ. 0.2 ಕಿಲೋಪಾಸ್ಕಲ್ ಬಂದರೆ ಅದರ ಮೂರು ಪಟ್ಟು, 0.6, ಎಚ್ಚರಿಕೆಯ ಗೆರೆ. ಒಂದು ದಿನ ದಾಟಿದರೆ ಸಾಲದು, ಸತತ ಮೂರು ದಿನ ಮೇಲೇ ನಿಲ್ಲಬೇಕು. ಗೆರೆ ಮುಟ್ಟದಷ್ಟು ಸಣ್ಣ, ಆದರೆ ಬಿಡದೆ ಒಂದೇ ಕಡೆ ವಾಲುವ ಸೋರಿಕೆಗೆ ದಿನದಿನದ ಉಳಿಕೆಯನ್ನು ಕೂಡಿಸುತ್ತಾ ಹೋಗಿ. ಬರೀ ಗದ್ದಲವಾದರೆ ಮೊತ್ತ ಸೊನ್ನೆಯ ಆಚೀಚೆ ತೂಗಾಡುತ್ತದೆ, ಸೋರಿಕೆಯಾದರೆ ಏರುತ್ತಲೇ ಹೋಗುತ್ತದೆ.

ಗೆರೆ ದಾಟಿತೆಂದು ಕೂಡಲೇ ಸೋರಿಕೆ ಎನ್ನಬಾರದು. ಕೆಳಗೆ ತುಂಬಿದಾಗ ಮುಚ್ಚಳ ಬಂಡೆ ಸ್ವಲ್ಪ ಬಾಗಿ ಮೇಲಿನ ಪದರವನ್ನು ಅದುಮುತ್ತದೆ, ಒಂದು ಹನಿ ದಾಟದಿದ್ದರೂ ಅಲ್ಲಿ ಒತ್ತಡ ಆಡುತ್ತದೆ. ಗುರುತಿಸುವುದು ಹೇಗೆಂದರೆ, ಈ ಒತ್ತಡ ಪಂಪಿನ ಜೊತೆಗೇ ಏಳುತ್ತದೆ, ಪಂಪು ನಿಂತರೆ ಜೊತೆಗೇ ಇಳಿಯುತ್ತದೆ. ಸೋರಿಕೆಯದು ತಡವಾಗಿ ಶುರುವಾಗುತ್ತದೆ, ಮೊದಲು ಬೇಗ ಆಮೇಲೆ ನಿಧಾನವಾಗಿ ಏರುತ್ತದೆ, ಪಂಪು ನಿಂತ ಮೇಲೂ ಕೆಲಕಾಲ ಏರುತ್ತಲೇ ಇರಬಹುದು.

ಆನ್ಯುಲಸ್ ಒತ್ತಡ ಏರಿದರೆ ಮೊದಲು ಬಿಸಿಯನ್ನು ಅನುಮಾನಿಸಿ. ತಂಪಾದ ಅನಿಲ ತುಂಬುವುದು ನಿಂತಾಗ ಸಂದಿನ ದ್ರವ ಕಾದು ಹಿಗ್ಗುತ್ತದೆ. ಸೂಜಿ ವಾಲ್ವು ತುಸುವೇ ತೆರೆದು ಒತ್ತಡ ಇಳಿಸಿ, ಹೊರಬಂದ ದ್ರವವನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು, ಮುಚ್ಚಿ 24 ಗಂಟೆ ಕಾಯಿರಿ. ಮತ್ತೆ ಏರದಿದ್ದರೆ ಬಿಸಿಯ ಆಟ. ಏರಿದರೆ ಪ್ಯಾಕರ್ (ಸಂದನ್ನು ಕೆಳಗೆ ಬಿಗಿಯಾಗಿ ಮುಚ್ಚುವ ಬಿರಡೆ), ಕೊಳವೆಯ ಜೋಡಣೆ, ಸಿಮೆಂಟ್ ಮೂರರಲ್ಲಿ ಒಂದು ಕೆಟ್ಟಿದೆ. ಈ ಕೆಲಸಕ್ಕೆ ಕಾರ್ಬನ್ ಡೈಆಕ್ಸೈಡ್ ಮೀಟರ್ ಮೈಮೇಲಿಲ್ಲದೆ ಯಾರನ್ನೂ ಕಳಿಸಬೇಡಿ. ಆ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬಾವಿಯ ಬಾಯಿಯ ಗುಂಡಿಯಲ್ಲಿ ಕಾಣದೆ ತುಂಬಿಕೊಳ್ಳುತ್ತದೆ. ಎಂಟು ಗಂಟೆಯ ಕೆಲಸಕ್ಕೆ 5,000 ಪಿಪಿಎಂ ಮಿತಿ. 40,000ದಲ್ಲಿ ಪ್ರಾಣಕ್ಕೇ ಅಪಾಯ.

ತುಂಬುವ ಬಾವಿಯ ಒತ್ತಡವೂ ಸುಳಿವು ಕೊಡುತ್ತದೆ. ಹರಿವು ಅಷ್ಟೇ ಇದ್ದು ಒತ್ತಡ ತಟ್ಟನೆ ಇಳಿದರೆ ಎಲ್ಲೋ ಹೊಸ ದಾರಿ ತೆರೆದಿದೆ. ಮೆಲ್ಲಗೆ ಏರಿದರೆ ಉಪ್ಪು ಕಟ್ಟಿ ರಂಧ್ರ ಮುಚ್ಚುತ್ತಿರಬಹುದು, ಅದು ಸೋರಿಕೆಯಲ್ಲ.

ಖಚಿತವಾದ ಮೇಲೆ

ಜೋಡಿ ಗೇಜು ಒಂದೇ ಮಾತು ಹೇಳಿದೆ, ಗಾಳಿ, ಚಂದ್ರ, ಮಳೆ, ಪಕ್ಕದ ಬಾವಿ ಎಲ್ಲ ಕಳೆದಿದೆ, ಆದರೂ ಏರುತ್ತಿದೆ ಎಂದಾದರೆ ತುಂಬುವುದನ್ನು ನಿಲ್ಲಿಸಿ. ನಿಲ್ಲಿಸಿದ ಹೊತ್ತಿನಿಂದ ಒತ್ತಡ ಇಳಿಯುವ ರೇಖೆಯನ್ನು ಸೆಕೆಂಡಿಗೊಂದರಂತೆ ಬರೆಸಿ; ಹಿಂದಿನ ಇಳಿಕೆಯ ರೇಖೆಗಿಂತ ಕೊನೆಯ ಭಾಗ ಬೇಗ ಬಾಗಿದರೆ ದ್ರವ ಹೊರಹೋಗುತ್ತಿದೆ. ಮೂರು ಕಡೆ ಗೇಜಿದ್ದರೆ ಸುದ್ದಿ ಮುಟ್ಟಿದ ಹೊತ್ತಿನ ವ್ಯತ್ಯಾಸದಿಂದ ಜಾಗ ಊಹಿಸಿ, ಅದರ ಸುತ್ತಲಿನ ಹಳೆಯ ಬಾವಿಗಳಿಂದಲೇ ಹುಡುಕಾಟ ಶುರುಮಾಡಿ. ಮೇಲಿನ ಪದರದ ನೀರಿನ ಮಾದರಿ ತೆಗೆಯಿರಿ. ಒತ್ತಡ ಏರಿದ್ದು ಅನಿಲದಿಂದಲೋ, ಅದು ತಳ್ಳಿದ ಉಪ್ಪುನೀರಿನಿಂದಲೋ ಎಂದು ಗೇಜು ಹೇಳುವುದಿಲ್ಲ, ಮಾದರಿ ಹೇಳುತ್ತದೆ. ಸೋರುವ ಬಾವಿಗೆ ಸಿಮೆಂಟ್ ಒತ್ತಿ ತುಂಬಿದ ಮೇಲೆ, ಬೋರ್‌ವೆಲ್‌ನಲ್ಲಿ ಕಲಿತ ಬಗೆಯಲ್ಲೇ ಶುರುವಿನಲ್ಲಿ ಮಾಡಿದ ಅದೇ ತಾಳದ, ಅದೇ ಹರಿವಿನ ಅಲೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಅಲೆಯ ಎತ್ತರ, ತಡ ಎರಡೂ ಹಳೆಯ ಗುರುತಿಗೆ ಹೊಂದಿದರೆ ಮಾತ್ರ ಕಡಿಮೆ ಹರಿವಿನಲ್ಲಿ ತುಂಬಲು ಶುರುಮಾಡಿ. ಹೊಂದದಿದ್ದರೆ ದುರಸ್ತಿಯಾದ ಬಾವಿಯಲ್ಲದೆ ಇನ್ನೊಂದು ದಾರಿಯೂ ತೆರೆದಿದೆ ಎಂದರ್ಥ, ಹುಡುಕಾಟ ಮುಂದುವರಿಯಬೇಕು.